ಸಂಧಿವಾತ, ಬೈಪೋಲಾರ್ ಎರಡೂ ಇರುವ ನಾನು ತಾಲ್ಲೂಕು ಆಸ್ಪತ್ರೆಯ ಸಹಾಯ ಮೇಜಿಗೆ ಬಂದದ್ದು

ಹೋದ ತಿಂಗಳಿಂದ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿ ಮಂಗಳವಾರ ಒಂದು ಸಣ್ಣ ಮೇಜು ಹಾಕಿಕೊಂಡು ಕೂರುತ್ತಿದ್ದೇನೆ. ಮಂಗಳವಾರವೇ ಯಾಕೆಂದರೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕಿಗೆ ಬರುವ ದಿನ ಅದು. 2014ರಲ್ಲಿ ಕರ್ನಾಟಕದಲ್ಲಿ ಶುರುವಾದ ಕಾರ್ಯಕ್ರಮ ಇದು, ಆದರೂ ನಮ್ಮೂರಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ಲ. ನಾನು ಅಲ್ಲಿ ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಆಪ್ತಸಮಾಲೋಚಕಿಯೂ ಅಲ್ಲ. ಚೀಟಿ ಓದಿ ಹೇಳುತ್ತೇನೆ, ಯಾವ ಕಿಟಕಿಗೆ ಹೋಗಬೇಕು ಅಂತ ತೋರಿಸುತ್ತೇನೆ, ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದುಕೊಡುತ್ತೇನೆ, ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕಿಸುತ್ತೇನೆ. ಇಂಗ್ಲಿಷಿನಲ್ಲಿ ಪೇಷೆಂಟ್ ಅಡ್ವೊಕೇಟ್ ಅಂತಾರಲ್ಲ, ಅದೇ ಕೆಲಸ. ಸಂಬಳ ಇಲ್ಲ. ಈ ಕುರ್ಚಿಯವರೆಗೆ ಬರೋದಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ನನ್ನ ಹಾಗೆ ಕಾಯಿಲೆ ಇಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಬೇಕು ಅನ್ನೋರು ಇದ್ದರೆ ಅವರಿಗೆ ದಾರಿ ಸ್ವಲ್ಪ ಸಲೀಸಾಗಲಿ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ನನಗೆ ಬೈಪೋಲಾರ್ ಇದೆ, ಅಂದರೆ ಮನಸ್ಸು ಒಂದಷ್ಟು ಕಾಲ ಅತಿ ಉತ್ಸಾಹಕ್ಕೆ, ಒಂದಷ್ಟು ಕಾಲ ಖಿನ್ನತೆಗೆ ಜಾರುವ ಕಾಯಿಲೆ. ಕಾಲೇಜು ಮುಗಿಯುವ ಹೊತ್ತಿಗೆ ಶುರುವಾಯಿತು. ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ತಗೊಂಡು ವರ್ಷಗಟ್ಟಲೆ ಚೆನ್ನಾಗಿಯೇ ಇದ್ದೆ, ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಆಮೇಲೆ ಬೆರಳಿನ ಗಂಟುಗಳು ಊದಿಕೊಳ್ಳೋಕೆ ಶುರುವಾದವು. ಬೆಳಿಗ್ಗೆ ಎದ್ದರೆ ಕೈ ಮಡಚೋಕೆ ಆಗುತ್ತಿರಲಿಲ್ಲ, ಹಾಲಿನ ಪ್ಯಾಕೆಟ್ ಕತ್ತರಿಸೋಕೂ ತಂಗಿಯನ್ನು ಕರೀಬೇಕಿತ್ತು. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ ಅಂತ ಗೊತ್ತಾಗೋದಕ್ಕೆ ಮೊದಲು ಎಲ್ಲರೂ ಹೇಳಿದ್ದು ಒಂದೇ, ಇದು ಮನಸ್ಸಿನ ಕಾಯಿಲೆಯವರಿಗೆ ಆಗೋ ಮೈಕೈ ನೋವು ಅಂತ. ಹಳೇ ಚೀಟಿಯಲ್ಲಿ ಮನೋವೈದ್ಯರ ಹೆಸರು ಕಂಡ ತಕ್ಷಣ ಎದುರಿಗೆ ಕೂತವರು ನನ್ನ ಗಂಟುಗಳನ್ನು ಮುಟ್ಟಿ ನೋಡೋದನ್ನೇ ನಿಲ್ಲಿಸುತ್ತಿದ್ದರು. ಇದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ.

ಕೊನೆಗೆ ರಕ್ತಪರೀಕ್ಷೆಯಲ್ಲಿ ಸಂಧಿವಾತ ಅಂತ ಖಾತ್ರಿಯಾಯಿತು, ಚಿಕಿತ್ಸೆಯೂ ಶುರುವಾಯಿತು. ನಿಜವಾದ ಅಪಾಯ ಬಂದಿದ್ದು ಆಗ. ಒಂದು ಆಸ್ಪತ್ರೆಯಲ್ಲಿ ನೋವು ಜಾಸ್ತಿ ಇದೆ ಅಂತ ಡೈಕ್ಲೊಫೆನಾಕ್ ಜಾತಿಯ ನೋವಿನ ಮಾತ್ರೆಯನ್ನು ದಿನಾ ಎರಡು ಹೊತ್ತು ಬರೆದುಕೊಟ್ಟರು, ಜೊತೆಗೆ ಸ್ಟಿರಾಯ್ಡ್ ಕೂಡ. ಲಿಥಿಯಂ ತಗೊಳ್ಳುತ್ತೀನಿ ಅಂತ ನಾನು ಬಾಯಲ್ಲಿ ಹೇಳಿದ್ದೆ. ಅದು ಚೀಟಿಗೆ ಇಳಿಯಲಿಲ್ಲ. ಇಂಥ ನೋವಿನ ಮಾತ್ರೆಗಳು ಕಿಡ್ನಿ ಲಿಥಿಯಂ ಹೊರಗೆ ಹಾಕೋದನ್ನು ಕಡಿಮೆ ಮಾಡುತ್ತವೆ, ಹಾಗಾಗಿ ರಕ್ತದಲ್ಲಿ ಲಿಥಿಯಂ ಏರುತ್ತಾ ಹೋಗುತ್ತೆ. ಸ್ಟಿರಾಯ್ಡ್ ಬೇರೆ ನಿದ್ದೆ ಕೆಡಿಸುತ್ತೆ, ಬೈಪೋಲಾರ್ ಇರುವವರಲ್ಲಿ ಮೇನಿಯಾ, ಅಂದರೆ ಆ ಅತಿ ಉತ್ಸಾಹದ ಸ್ಥಿತಿ ಎಬ್ಬಿಸಬಲ್ಲದು. ನನಗೆ ಎರಡೂ ಆಯಿತು. ರಾತ್ರಿಯಿಡೀ ನಿದ್ದೆ ಇಲ್ಲ, ತಲೆ ಓಡುತ್ತಲೇ ಇತ್ತು. ಅದರ ಹಿಂದೆಯೇ ಕೈ ನಡುಕ, ವಾಂತಿ, ಭೇದಿ. ನಡೆದರೆ ಕಾಲು ತಡವರಿಸುತ್ತಿತ್ತು. ಮನೆಯವರು ಇದೂ ಹುಚ್ಚಿನ ಇನ್ನೊಂದು ರೂಪ ಅಂದುಕೊಂಡರು. ತಂಗಿ ಮಾತ್ರ ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದಳು. ಲಿಥಿಯಂ 1.5 ದಾಟಿತ್ತು. ಸಾಮಾನ್ಯವಾಗಿ 0.6ರಿಂದ 1.0ರ ಆಸುಪಾಸು ಇರಬೇಕಾದದ್ದು.

ಇಲ್ಲಿ ಲಿಥಿಯಂ ತಗೊಳ್ಳುವವರಿಗೆ ಒಂದು ಮಾತು. ಲೆವೆಲ್ ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಕೊನೆಯ ಮಾತ್ರೆ ನುಂಗಿ 12 ಗಂಟೆ ಆದಮೇಲೆ. ರಾತ್ರಿ ಒಂಬತ್ತಕ್ಕೆ ತಗೊಂಡರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಡಿ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೇ ನುಂಗಿ. ಇಲ್ಲದಿದ್ದರೆ ಸುಮ್ನೆ ತಪ್ಪು ಅಂಕಿ ಬರುತ್ತೆ. ಕಿಡ್ನಿ ಮತ್ತು ಥೈರಾಯ್ಡ್ ಪರೀಕ್ಷೆಯೂ ಆಗಾಗ ಆಗಬೇಕು, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮಾಡಿಸುತ್ತಾರೆ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೂ, ಭೇದಿ ಆದರೂ ಲೆವೆಲ್ ಏರಬಹುದು. ಮೆಡಿಕಲ್ ಶಾಪಿನಲ್ಲಿ ನೋವಿಗೆ ಒಂದು ಮಾತ್ರೆ ಕೊಡಿ ಅಂತ ಕೇಳಿ ತಗೊಳ್ಳಬೇಡಿ. ಕೆಲವು ಬಿಪಿ ಮಾತ್ರೆಗಳಿಂದಲೂ ಇದೇ ತೊಂದರೆ ಆಗಬಹುದು, ಹೊಸ ಮಾತ್ರೆ ಬಂದಾಗಲೆಲ್ಲ ಕೇಳಿ.

ಆಮೇಲೆ ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಹೋದೆವು. ರೈಲಿನಲ್ಲಿ ಮೂರು ಗಂಟೆ, ಅಲ್ಲಿಂದ ಸಿಟಿ ಬಸ್. ಕ್ಯೂ ಉದ್ದ ಇರುತ್ತೆ, ಇಡೀ ದಿನ ಬಿಟ್ಟುಕೊಂಡೇ ಹೋಗಬೇಕು, ತಿಂಡಿ ಡಬ್ಬಿ ಜೊತೆಗಿದ್ದರೆ ಒಳ್ಳೆಯದು. ಅಲ್ಲಿ ನನ್ನನ್ನು ನೋಡಿದ ಡಾಕ್ಟರು ಒಂದೇ ಹಾಳೆಯಲ್ಲಿ ಎರಡೂ ಕಾಯಿಲೆ, ಎಲ್ಲ ಮಾತ್ರೆ, ಯಾವುದು ಯಾವುದರ ಜೊತೆ ಬೇಡ ಅನ್ನೋದನ್ನು ಬರೆದುಕೊಟ್ಟರು. ಆ ಹಾಳೆಯನ್ನು ಸಂಧಿವಾತದ ಡಾಕ್ಟರಿಗೆ ತೋರಿಸಿದೆ. ಅವರು ನೋವಿನ ಮಾತ್ರೆ ಬದಲಾಯಿಸಿದರು, ಸಂಧಿವಾತ ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರು ಮಾಡಿದರು. ಒಂದು ಹಾಳೆ ಇಷ್ಟು ಕೆಲಸ ಮಾಡಿತು. ಇಬ್ಬರು ಡಾಕ್ಟರೂ ಒಳ್ಳೆಯವರೇ, ಆದರೆ ಒಬ್ಬರು ಬರೆದಿದ್ದು ಇನ್ನೊಬ್ಬರ ಕಣ್ಣಿಗೆ ಬೀಳುವ ವ್ಯವಸ್ಥೆಯೇ ಇರಲಿಲ್ಲ. ಆ ಕಾಗದವನ್ನು ಈ ಕೋಣೆಯಿಂದ ಆ ಕೋಣೆಗೆ ಒಯ್ಯೋದು ರೋಗಿಯ ಪಾಲಿಗೇ ಬರುತ್ತೆ. ಓದು ಬರಹ ಇರುವ ನನಗೇ ಇಷ್ಟು ಕಷ್ಟ ಆದರೆ, ಹೆಬ್ಬೆಟ್ಟು ಒತ್ತುವ ಅಜ್ಜಿ ಏನು ಮಾಡಬೇಕು? ಈ ಕೆಲಸ ಮಾಡಬೇಕು ಅಂತ ನನಗೆ ಅನ್ನಿಸಿದ್ದು ಇದರಿಂದಲೇ.

ಮೊದಲು ನನ್ನ ಕಾಗದಗಳನ್ನೇ ಸರಿ ಮಾಡಿಕೊಂಡೆ, ನೀವೂ ಅಲ್ಲಿಂದಲೇ ಶುರು ಮಾಡಿ. ಹಳೇ ದಾಖಲೆ ಬೇಕು ಅಂತ ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ಮಾನಸಿಕ ಕಾಯಿಲೆಯ ದಾಖಲೆಗೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 25ನೇ ಸೆಕ್ಷನ್ ಬೇರೆ ಇದೆ. ಬಾಯಿಮಾತಲ್ಲಿ ಕೇಳಿದಾಗ "ನಾಳೆ ಬನ್ನಿ" ಅಂದವರು, ಅರ್ಜಿಯ ಎರಡನೇ ಪ್ರತಿಗೆ ಸೀಲು ಹಾಕಿಸಿಕೊಂಡಾಗ ಕೊಟ್ಟರು. ಯಾವ ಅರ್ಜಿಯೇ ಆಗಲಿ, ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸ್ವೀಕೃತಿ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.

ಅದೇ ಕಾಯ್ದೆಯಲ್ಲಿ ಇನ್ನೊಂದು ಉಪಯೋಗದ ವಿಷಯ ಇದೆ. ಕಾಯಿಲೆ ಜೋರಾಗಿ ನಮಗೆ ತೀರ್ಮಾನ ತಗೊಳ್ಳೋಕೆ ಆಗದಿದ್ದಾಗ ನಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ನಾವೇ ಮೊದಲೇ ಒಬ್ಬರ ಹೆಸರು ಬರೆದಿಡಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು, ಸ್ಟಾಂಪ್ ಪೇಪರ್ ಬೇಕಿಲ್ಲ. ಅವರು 18 ವರ್ಷ ದಾಟಿರಬೇಕು, ಒಪ್ಪಿಕೊಂಡಿರಬೇಕು. ನಾನು ತಂಗಿಯ ಹೆಸರು ಬರೆದೆ. ಬರೆದ ದಿನ ಇಬ್ಬರೂ ಅತ್ತೆವು. ಆದರೆ ಅದಾದ ಮೇಲೆ ಮನಸ್ಸಿಗೆ ಎಷ್ಟು ನಿರಾಳ ಆಯಿತು ಅಂದರೆ, ಮುಂಚೆಯೇ ಯಾಕೆ ಯಾರೂ ಹೇಳಲಿಲ್ಲ ಅನ್ನಿಸಿತು.

ಅಂಗವಿಕಲರ ಕಾರ್ಡು, ಅಂದರೆ ಯುಡಿಐಡಿ, ಮುಂದಿನ ಹೆಜ್ಜೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆ ಇದೆ. ಸಂಧಿವಾತ ಅಂತ ಬೇರೆ ಹೆಸರಿಲ್ಲ. ಗಂಟುಗಳು ಕೆಟ್ಟು ಓಡಾಟಕ್ಕೆ, ಕೈ ಬಳಕೆಗೆ ತೊಂದರೆ ಆಗಿದ್ದರೆ ಮಾತ್ರ ಅದನ್ನು ಚಲನೆಯ ವೈಕಲ್ಯದಲ್ಲಿ ನೋಡುತ್ತಾರೆ. ಅರ್ಜಿ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಹಾಕಬೇಕು. ಆಧಾರ್, ಫೋಟೋ, ಸಹಿ, ವಿಳಾಸದ ದಾಖಲೆ ಮತ್ತು ಚಿಕಿತ್ಸೆಯ ಕಾಗದ ಸಿದ್ಧ ಇಟ್ಟುಕೊಳ್ಳಿ. ನನ್ನ ಅರ್ಜಿ ಸಿಕ್ಕಿಹಾಕಿಕೊಂಡಿದ್ದು ಹೆಸರಿನಲ್ಲಿ. ಆಧಾರಿನಲ್ಲಿ ಇನಿಷಿಯಲ್ ಕೊನೆಯಲ್ಲಿದೆ, ಆಸ್ಪತ್ರೆ ಚೀಟಿಯಲ್ಲಿ ಮೊದಲಲ್ಲಿದೆ, ಒಂದು ಹಳೇ ಚೀಟಿಯಲ್ಲಂತೂ ಹೆಸರಿನ ಒಂದು ಅಕ್ಷರವೇ ಬೇರೆ. ಅದಕ್ಕೇ ಇನ್ನು ಮುಂದೆ ಒಪಿಡಿ ಚೀಟಿ ಮಾಡಿಸುವಾಗಲೇ ಆಧಾರ್ ಕೈಯಲ್ಲಿ ಹಿಡಿದು ಅದರಲ್ಲಿ ಇರುವ ಹಾಗೆಯೇ ಬರೆಸಿ. ಅಂಗವಿಕಲರಿಗೆ ನೆರವಾಗೋಕೆ ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ ಅನ್ನೋ ಕಾರ್ಯಕರ್ತರು ಒಬ್ಬರಿರುತ್ತಾರೆ, ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ. ಅವರೂ ಹೆಚ್ಚಿನ ಕಡೆ ಅಂಗವಿಕಲರೇ. ನಮ್ಮ ಎಂಆರ್‌ಡಬ್ಲ್ಯೂ ಅಣ್ಣ ಊರುಗೋಲು ಹಿಡಿದು ಎರಡು ಮಹಡಿ ಹತ್ತಿ ಬಂದು ನನ್ನ ಅರ್ಜಿ ಸರಿ ಮಾಡಿಸಿಕೊಟ್ಟರು. ಅವರನ್ನು ನೋಡಿದ ಮೇಲೆ, ಕಾಯಿಲೆ ಇರುವವಳಿಗೆ ಯಾಕಮ್ಮ ಈ ಉಸಾಬರಿ ಅನ್ನುವ ಮಾತು ನನ್ನ ಕಿವಿಗೆ ಬೀಳೋದು ನಿಂತಿತು.

ಮಾನಸಿಕ ಕಾಯಿಲೆಯ ಶೇಕಡಾವಾರು ಲೆಕ್ಕಕ್ಕೆ ಐಡಿಯಾಸ್ ಅನ್ನೋ ಅಳತೆ ಬಳಸುತ್ತಾರೆ. ನಾಲ್ಕು ವಿಷಯ ಕೇಳುತ್ತಾರೆ: ನಿಮ್ಮನ್ನು ನೀವು ನೋಡಿಕೊಳ್ಳೋದು, ಜನರ ಜೊತೆ ಬೆರೆಯೋದು, ಮಾತು ಮತ್ತು ಅರ್ಥ ಮಾಡಿಕೊಳ್ಳೋದು, ಕೆಲಸ. ಕಾಯಿಲೆ ಎಷ್ಟು ವರ್ಷದ್ದು ಅನ್ನೋದಕ್ಕೂ ಅಂಕ ಇದೆ. ಆ ಕೋಣೆಯಲ್ಲಿ ಕೂತು, ಸ್ನಾನ ಮಾಡದೆ ಮಲಗಿದ್ದ ವಾರಗಳ ಬಗ್ಗೆ ಹೇಳೋದು ನನಗೆ ಇಡೀ ಪ್ರಕ್ರಿಯೆಯಲ್ಲೇ ತುಂಬಾ ಕಷ್ಟವಾದ ಭಾಗ. ನಾವು ಅವತ್ತು ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಹೋಗಿರುತ್ತೇವೆ. ಕೆಟ್ಟ ದಿನಗಳು ಹೇಗಿದ್ದವು ಅಂತ ಹೇಳೋಕೆ ಮನೆಯವರೊಬ್ಬರು ಜೊತೆಗಿರಬೇಕು. ಶೇಕಡಾ 40 ಅಥವಾ ಜಾಸ್ತಿ ಬಂದರೆ ಹೆಚ್ಚಿನ ಸೌಲಭ್ಯಗಳಿಗೆ ಅರ್ಹತೆ. ಆದಾಯ ತೆರಿಗೆ ಕಟ್ಟುವವರಾದರೆ ಹಳೇ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಕಡಿತವೂ ಇದೆ. ನನಗೆ ಹಳದಿ ಕಾರ್ಡು ಬಂತು, ಅಂದರೆ ಶೇಕಡಾ 40 ಮತ್ತು 80ರ ನಡುವಿನವರದು. ಅದು ಕೈಗೆ ಬರೋಕೆ ತಿಂಗಳುಗಳೇ ಹಿಡಿದವು. ಆ ಕಾಯುವಿಕೆಯಲ್ಲಿ ಎರಡು ಸಲ ಗಂಟುನೋವು ಜೋರಾಗಿ ಮಲಗಿದೆ.

ತರಬೇತಿಗೆ ಬೆಂಗಳೂರಿನ ಒಂದು ಸಂಸ್ಥೆಗೆ ಹೋಗಿದ್ದೆ. ಫೀಸು ಇರಲಿಲ್ಲ, ಉಳಿಯುವ ವ್ಯವಸ್ಥೆ ಮಾತ್ರ ನನ್ನದೇ, ಅತ್ತೆ ಮಗಳ ಮನೆಯಲ್ಲಿ ಉಳಿದೆ. ಹೋಗಿಬರೋಕೆ ಒಂದೊಂದು ಸಲ ಸರ್ಕಾರಿ ಬಸ್ ಹಿಡಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದರಿಂದ ಹೆಂಗಸರಿಗೆ ದುಡ್ಡಿಲ್ಲ. ಇದು ಸಣ್ಣ ವಿಷಯ ಅಲ್ಲ. ಟಿಕೆಟ್ ದುಡ್ಡಿಗೆ ಮನೆಯಲ್ಲಿ ಕೈಚಾಚಬೇಕಾಗಿದ್ದರೆ ನಾನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ತರಬೇತಿಯಲ್ಲಿ ಮೊದಲು ಹೇಳಿಕೊಟ್ಟಿದ್ದು ಕೇಳಿಸಿಕೊಳ್ಳೋದು. ಇನ್ನೊಂದು, ಯಾರಿಗೂ ಮಾತ್ರೆ ಹೆಚ್ಚು ಮಾಡು, ಕಡಿಮೆ ಮಾಡು, ನಿಲ್ಲಿಸು ಅಂತ ಯಾವತ್ತೂ ಹೇಳಬಾರದು. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳೋಕೆ ಹೆದರಬಾರದು, ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬಾರದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ನನ್ನ ಮೇಜಿನ ಮೇಲೆ ದೊಡ್ಡದಾಗಿ ಬರೆದಿದೆ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನಿಮಗೂ ಬೇಕಾದರೆ ಈಗಲೇ ಮಾಡಿ.

ಮನೆಯಲ್ಲಿ ಗಲಾಟೆ ಆಗಿದ್ದು ಈ ಹೊತ್ತಿಗೆ. ತಂಗಿಗೆ ಗಂಡು ನೋಡುತ್ತಿದ್ದರು. "ಊರಿನ ಆಸ್ಪತ್ರೆಯಲ್ಲಿ ಕೂತು ನನಗೆ ಹಿಂಗಿದೆ ಅಂತ ನೀನೇ ಡಂಗುರ ಹೊಡೀತೀಯಾ? ಅವಳ ಗತಿ ಏನೇ?" ಅಂತ ಅಮ್ಮ ಅತ್ತರು. ಅಮ್ಮನ ಭಯ ಸುಳ್ಳಲ್ಲ, ನಮ್ಮ ಕಡೆ ಸಂಬಂಧಗಳು ಮುರಿಯೋದು ಇಂಥ ಮಾತಿಗೇ. ತಂಗಿಯೇ ಉತ್ತರ ಕೊಟ್ಟಳು, "ಅಕ್ಕನ ವಿಷಯ ಮುಚ್ಚಿಟ್ಟು ಆಗೋ ಮದುವೆ ನಂಗೆ ಬೇಡಮ್ಮ" ಅಂತ. ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ನಿಮ್ಮ ಮನೆಯಲ್ಲೂ ಇದು ಬರುತ್ತೆ, ಅವಸರ ಮಾಡಬೇಡಿ. ನಿಮ್ಮ ಕಾಯಿಲೆಯ ವಿಷಯವನ್ನು ಎಲ್ಲರಿಗೂ ಹೇಳಿಯೇ ಈ ಕೆಲಸ ಮಾಡಬೇಕು ಅಂತೇನಿಲ್ಲ. ಹೇಳೋದು, ಬಿಡೋದು ನಿಮ್ಮ ಹಕ್ಕು.

ಇನ್ನು ಅನುಮತಿ. ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಅರ್ಜಿ, ಅದರ ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ. ಜೊತೆಗೆ ತರಬೇತಿ ಪ್ರಮಾಣಪತ್ರ, ಆಧಾರ್, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆದ ಪೊಲೀಸ್ ಪರಿಶೀಲನಾ ಪತ್ರ. ಒಂದು ಕಚೇರಿಯಲ್ಲಿ ನನ್ನ ಕಾಗದ ನೋಡಿ, "ನಿಮಗೇ ಟ್ರೀಟ್ಮೆಂಟ್ ನಡೀತಿದೆ, ನೀವು ಬೇರೆಯವರಿಗೇನು ಹೇಳ್ತೀರಿ? ಫಿಟ್‌ನೆಸ್ ತನ್ನಿ" ಅಂದರು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ 2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನು ಮತ್ತೆ ಓದಿದೆ. ರೋಗಿಗಳ ದೂರು ಕೇಳೋಕೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ ಅಂತ ಇದೆ, ಅದರಲ್ಲಿ ನ್ಯಾಯಾಧೀಶರು, ಮನೋವೈದ್ಯರ ಜೊತೆ ಇನ್ನಿಬ್ಬರು ಸದಸ್ಯರ ಜಾಗ ಇದೆ. ಅದು ಮಾನಸಿಕ ಕಾಯಿಲೆ ಇರುವವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅಥವಾ ಅವರ ಸಂಘಟನೆಗಳ ಪ್ರತಿನಿಧಿಗಳಿಗೆ ಅಂತಲೇ 74ನೇ ಸೆಕ್ಷನ್ ಹೇಳುತ್ತೆ. ಅಂಥ ಮಂಡಳಿಯಲ್ಲಿ ಕೂರಬಹುದಾದವರು ತಾಲ್ಲೂಕು ಆಸ್ಪತ್ರೆಯ ಒಪಿಡಿ ಬಾಗಿಲಲ್ಲಿ ಯಾಕೆ ಕೂರಬಾರದು? ಇದನ್ನೇ ನಾಲ್ಕು ಸಾಲಿನಲ್ಲಿ ಬರೆದೆ. ನನ್ನ ಮನೋವೈದ್ಯರು, ಚಿಕಿತ್ಸೆ ನಿಯಮಿತವಾಗಿದೆ, ಈ ಕೆಲಸಕ್ಕೆ ಅಡ್ಡಿ ಇಲ್ಲ ಅಂತ ಒಂದು ಪತ್ರ ಕೊಟ್ಟರು. ಎರಡನ್ನೂ ಸೇರಿಸಿ ಮತ್ತೆ ಕೊಟ್ಟೆ. ವಾರಗಳು ಕಳೆದವು. ಕೊನೆಗೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ವಿಷಯ ಬಂದು, ಮಂಗಳವಾರ ಒಂಬತ್ತೂವರೆಯಿಂದ ಒಂದರವರೆಗೆ ಅಂತ ಒಪ್ಪಿಗೆ ಸಿಕ್ಕಿತು. ನಾನು ಕೇಳಿದ್ದು ಇಡೀ ದಿನ. ಅರ್ಧ ದಿನವೇ ಸಿಕ್ಕಿದ್ದು ಒಳ್ಳೆಯದೇ ಆಯಿತು, ಮಧ್ಯಾಹ್ನದ ಮೇಲೆ ನನ್ನ ಮಂಡಿ ಕೇಳೋದಿಲ್ಲ.

ಕೂತ ಮೇಲೆ ಏನೇನು ಬರುತ್ತೆ ಅಂದರೆ, ಮೊದಲ ವಾರವೇ ಒಬ್ಬ ಅಮ್ಮ ಎರಡು ಪ್ಲಾಸ್ಟಿಕ್ ಕವರಿನ ತುಂಬಾ ಮಾತ್ರೆ ತಂದಿದ್ದರು. ಒಂದು ಕವರ್ ಮನಸ್ಸಿನದು, ಇನ್ನೊಂದು ಗಂಟುನೋವಿನದು. ಮೆಥೊಟ್ರೆಕ್ಸೇಟ್ ಡಬ್ಬಿಯ ಮೇಲೆ ವಾರಕ್ಕೊಮ್ಮೆ ಅಂತ ಯಾರೂ ಬರೆದಿರಲಿಲ್ಲ, ಅವರು ದಿನಾ ನುಂಗೋಕೆ ಶುರು ಮಾಡೋದರಲ್ಲಿದ್ದರು. ದಿನಾ ತಗೊಂಡರೆ ಅದು ಪ್ರಾಣಕ್ಕೇ ಅಪಾಯ. ನಾನು ಏನೂ ಹೇಳದೆ ಅವರನ್ನು ಕೈಹಿಡಿದು ಡಾಕ್ಟರ ಕೋಣೆಗೆ ಕರೆದುಕೊಂಡು ಹೋದೆ. ಡಾಕ್ಟರು ಡಬ್ಬಿಯ ಮೇಲೆ ಕೆಂಪು ಪೆನ್ನಲ್ಲಿ "ಭಾನುವಾರ ಮಾತ್ರ" ಅಂತ ಬರೆದರು. ಈಗ ಯಾರೇ ಬಂದರೂ ಎರಡೂ ಕವರ್ ತೆಗೆದು ಮೇಜಿನ ಮೇಲೆ ಇಡಿ ಅನ್ನುತ್ತೇನೆ. ಎಲ್ಲ ಹೆಸರುಗಳನ್ನೂ ಒಂದೇ ಹಾಳೆಯಲ್ಲಿ ಬರೆದು, ಇಬ್ಬರು ಡಾಕ್ಟರಿಗೂ ಇದನ್ನೇ ತೋರಿಸಿ ಅಂತ ಕೊಡುತ್ತೇನೆ.

ನನ್ನ ಆರೋಗ್ಯದ ಬಗ್ಗೆಯೂ ಹೇಳಬೇಕು. ಫೋನ್ ನಂಬರ್ ಕೊಟ್ಟರೆ ರಾತ್ರಿ ಹನ್ನೆರಡಕ್ಕೂ ಕರೆ ಬರುತ್ತೆ. ಬೈಪೋಲಾರ್ ಇರುವವರಿಗೆ ನಿದ್ದೆ ಮಾತ್ರೆಯಷ್ಟೇ ಮುಖ್ಯ. ಅದಕ್ಕೆ ಬೇರೆ ಸಿಮ್ ತಗೊಂಡೆ, ಸಂಜೆ ಆರಕ್ಕೆ ಅದು ಬಂದ್. ಆಮೇಲೆ ಕರೆ ಮಾಡುವವರಿಗೆ 14416 ಕೊಟ್ಟಿದ್ದೇನೆ. ಕೆಲವರ ಕಥೆ ಕೇಳಿದ ದಿನ ನನ್ನ ಹಳೆಯದೆಲ್ಲ ಮೇಲೆ ಬರುತ್ತೆ, ಆ ದಿನ ಮನೆಗೆ ಬಂದು ಯಾರ ಜೊತೆಯೂ ಮಾತಾಡದೆ ಮಲಗುತ್ತೇನೆ. ಒಂದು ಮಂಗಳವಾರ ಕೈ ಊದಿಕೊಂಡು ಹೋಗೋಕೇ ಆಗಲಿಲ್ಲ, ಹಿಂದಿನ ಸಂಜೆಯೇ ನರ್ಸ್ ಅಕ್ಕನಿಗೆ ಹೇಳಿದೆ. ಅವರು, "ಆರಾಮ ತಗೊಳ್ಳಿ, ಮೇಜು ಎಲ್ಲೂ ಓಡಿಹೋಗಲ್ಲ" ಅಂದರು.

ಈಗ ನಡೆಯುತ್ತಿರುವ ಕೆಲಸ ಲಿಥಿಯಂದೇ. ನಮ್ಮಲ್ಲಿ ಅದು ಔಷಧ ಕಿಟಕಿಯಲ್ಲಿ ಸಿಗುತ್ತಿರಲಿಲ್ಲ, ಎಲ್ಲರೂ ಹೊರಗೆ ಕೊಳ್ಳುತ್ತಿದ್ದರು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮನಸ್ಸಿನ ಕಾಯಿಲೆಯ ಔಷಧ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಉಚಿತವಾಗಿ ಸಿಗಬೇಕು ಅಂತ 2017ರ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತೆ, ಲಿಥಿಯಂ ರಾಷ್ಟ್ರೀಯ ಪಟ್ಟಿಯಲ್ಲಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆರು ತಿಂಗಳ ಸ್ಟಾಕ್ ರಿಜಿಸ್ಟರ್ ಮತ್ತು ಇಂಡೆಂಟ್, ಅಂದರೆ ಆಸ್ಪತ್ರೆ ಔಷಧ ಬೇಕು ಅಂತ ಕಳಿಸುವ ಪಟ್ಟಿಯ ಪ್ರತಿ ಕೇಳಿದೆ. ಫೀಸು 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತೆ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ಎರಡು ವಿಷಯ ಇದ್ದರೆ ಎರಡು ಅರ್ಜಿ ಹಾಕಿ, ಇಲ್ಲದಿದ್ದರೆ ಆ ಕಾರಣಕ್ಕೇ ವಾಪಸ್ ಬರಬಹುದು. ಯಾಕೆ ಬೇಕು ಅಂತ ಕಾರಣ ಕೊಡಬೇಕಿಲ್ಲ. ಉತ್ತರಕ್ಕೆ 30 ದಿನ.

ಉತ್ತರ ಬಂದಾಗ ಗೊತ್ತಾಯಿತು, ಇಂಡೆಂಟಿನಲ್ಲಿ ಲಿಥಿಯಂ ಹೆಸರೇ ಇರಲಿಲ್ಲ. ಇಲ್ಲ ಅಂದಾಗ ನಾವೆಲ್ಲ ಸುಮ್ಮನೆ ಹೊರಗೆ ಹೋಗಿ ಕೊಂಡುಕೊಂಡಿದ್ದರಿಂದ, ಬೇಕು ಅನ್ನೋರು ಇದ್ದಾರೆ ಅಂತ ಯಾವ ಪುಸ್ತಕದಲ್ಲೂ ದಾಖಲಾಗಿರಲಿಲ್ಲ. ಹಾಗಾಗಿ ಈಗ ಬಂದವರಿಗೆಲ್ಲ ಹೇಳುತ್ತಿದ್ದೇನೆ, ಔಷಧ ಕಿಟಕಿಯಲ್ಲಿ ಇಲ್ಲ ಅಂದರೆ ಚೀಟಿಯ ಮೇಲೆ "ಲಭ್ಯವಿಲ್ಲ" ಅಂತ ಬರೆಸಿ, ದಿನಾಂಕ ಹಾಕಿಸಿ, ಜೆರಾಕ್ಸ್ ಮಾಡಿಸಿ ಕೊಡಿ ಅಂತ. ಜೆರಾಕ್ಸ್ ದುಡ್ಡು ಎರಡು ರೂಪಾಯಿ, ಅದು ನನ್ನದು. ಹೆಸರು ಕಾಣದ ಹಾಗೆ ಮಡಚಿ ಪ್ರತಿ ತೆಗೆಸುತ್ತೇನೆ, ಯಾಕೆಂದರೆ ಯಾರ ಕಾಯಿಲೆಯೂ ಬಯಲಾಗಬಾರದು. ಒಂದು ಕಟ್ಟು ಆದ ಮೇಲೆ ಪತ್ರದ ಜೊತೆ ಕೊಟ್ಟೆ, ಮುಂದಿನ ಇಂಡೆಂಟಿಗೆ ಸೇರಿಸುತ್ತೇವೆ ಅಂತ ಬರವಣಿಗೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಮಾತ್ರೆ ಇನ್ನೂ ಬಂದಿಲ್ಲ. ಬರುವವರೆಗೆ ಚೀಟಿ ಸೇರಿಸುತ್ತಲೇ ಇರುತ್ತೇನೆ. ನಿಮ್ಮ ತಾಲ್ಲೂಕಿನಲ್ಲೂ ಸಿಗುತ್ತಿಲ್ಲ ಅಂದರೆ ಈ ವಾರವೇ ಚೀಟಿಯ ಮೇಲೆ ಬರೆಸೋಕೆ ಶುರು ಮಾಡಿ.